ಅಮ್ಮನ ಕಿರುಬೆರಳು ಇದ್ದ ಕಪ್ಪು

ಅಕ್ಕ ಶಿಡ್ಲಘಟ್ಟದಿಂದ ಬೆಳಗಿನ ಬಸ್ಸಿಗೆ ಬಂದು ಚಿಂತಾಮಣಿಯ ನನ್ನ ಫೋಟೋ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ನಾನಿನ್ನೂ ಕಸ ಗುಡಿಸುತ್ತಿದ್ದೆ. ಅವಳ ಕೈಯಲ್ಲಿ ನಾನೇ ಹಿಂದೆ ಹಾಕಿಕೊಟ್ಟಿದ್ದ ಅಮ್ಮನ ಕಪ್ಪು ಬಿಳುಪು ಫೋಟೋ ಇತ್ತು.

"ಇದ್ರಲ್ಲಿ ಅಮ್ಮನ ಎಡಗೈ ಎಲ್ಲೋ?"

ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿನಲ್ಲಿ ಅಮ್ಮ ಕೂತಿರುವ ಫೋಟೋ. ನಾನು ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡ ವಾರ ತೆಗೆದದ್ದು. ಕಿಟಕಿಯ ಬೆಳಕು ಮುಖದ ಒಂದು ಕಡೆಗೆ ಬಿದ್ದಿದೆ. ಬಲಗೈ ತೊಟ್ಟಿಯ ನೀರಿನೊಳಗಿದೆ. ಎಡಗೈ ಮಡಿಲಲ್ಲಿತ್ತು. ಅಲ್ಲಿ ಈಗ ಬರೀ ಕಪ್ಪು.

ಅಕ್ಕನ ಮಗಳಿಗೆ ಮಗುವಾಗಿ ಮೂರು ತಿಂಗಳು. ಮಗುವಿನ ಕಿರುಬೆರಳು ಒಳಕ್ಕೆ ಬಾಗಿದೆ. ಡಾಕ್ಟರು ಏನೂ ತೊಂದರೆಯಿಲ್ಲ ಎಂದಿದ್ದಾರೆ. ಆದರೆ ಅಕ್ಕನ ಮಗಳ ಅತ್ತೆ, ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆಮಣೆ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರಂತೆ.

"ಅಮ್ಮಂದೂ ಹಂಗೇ ಇತ್ತಲ್ಲೋ. ನಂಗಿಲ್ಲ, ನಿಂಗಿಲ್ಲ. ತೋರ್ಸೋಕೆ ಅಮ್ಮ ಈಗಿಲ್ಲ, ಇದೊಂದೇ ಇರೋದು. ನನ್ ಮಗಳು ದಿನಾ ಅಳ್ತಾಳೆ ಕಣೋ."

"ತೆಗೀತೀನಿ ಇರಕ್ಕ," ಅಂದೆ. ಅಷ್ಟು ಧೈರ್ಯವಿತ್ತು ನನಗೆ.

ಕಂಪ್ಯೂಟರಿನಲ್ಲಿ ಕಾಣುವ ನೆರಳು ಕಾಗದಕ್ಕೆ ಬಂದಾಗ ಇನ್ನಷ್ಟು ಕಪ್ಪಾಗುತ್ತದೆ. ಕಾಗದ ಇಂಕನ್ನು ಕುಡಿಯುತ್ತದೆ. ಅದಕ್ಕೆ ಮೊದಲೇ ನೆರಳನ್ನು ಸ್ವಲ್ಪ ತಿಳಿ ಮಾಡಿಕೊಳ್ಳಬೇಕು. ಎಷ್ಟು ಎಂದು ಕಣ್ಣಂದಾಜಿಗೆ ಸಿಗುವುದಿಲ್ಲ. ಕಾಗದದ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕಿಂತ ಒಂದು ತಿಳಿಯಾಗಿ ಮಡಿಲಿನ ಭಾಗವನ್ನಷ್ಟೇ ಪ್ರಿಂಟ್ ಹಾಕಿ, ಬಾಗಿಲ ಬಳಿ ಒಣಗಲು ಇಟ್ಟೆ. ಮೊದಲೆರಡರಲ್ಲಿ ಏನೂ ಕಾಣಲಿಲ್ಲ. ಮೂರನೆಯದರಿಂದ ಮುಂದಕ್ಕೆ ಕಪ್ಪು ಬೂದುಬಣ್ಣವಾಯಿತು ಅಷ್ಟೇ. ಕೈಯೂ ಇಲ್ಲ, ಸೀರೆಯ ನಿರಿಗೆಯೂ ಇಲ್ಲ.

ಅಕ್ಕ ಬಗ್ಗಿ ನೋಡಿದಳು. "ಏಮಿರಾ ಇದಿ, ಏನೋ ಇದು? ಮೊದ್ಲು ಇದ್ದಿಲು, ಈಗ ಬೂದಿ. ಪ್ರಿಂಟ್ ಹಾಕ್ತಿದೀಯೋ, ಒಲೆ ಹಚ್ತಿದೀಯೋ?"

ನಗು ಬರಲಿಲ್ಲ. ತಪ್ಪು ಎಲ್ಲಾಯಿತೆಂದು ಅಷ್ಟರಲ್ಲಿ ಗೊತ್ತಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಆ ವರ್ಷ ಕಲಿತ ಇಂಗ್ಲಿಷ್ ಪದಗಳಲ್ಲಿ ಸೇವ್ ಒಂದು. ಸೇವ್ ಎಂದರೆ ಉಳಿಸು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅಮ್ಮನ ಫೋಟೋವನ್ನು ಕಪ್ಪು ಬಿಳುಪು ಮಾಡಿದ ದಿನ, ನಮ್ಮ ಕಡೆಯವರಿಗೆ ಇಷ್ಟವೆಂದು ಕಪ್ಪನ್ನು ಇನ್ನಷ್ಟು ಗಟ್ಟಿ ಮಾಡಿ, ಉಳಿಯಲಿ ಎಂದು ಸೇವ್ ಒತ್ತಿದೆ. ಹಳೆಯದರ ಮೇಲೆಯೇ ಹೊಸದು ಕೂತಿತು. ಕ್ಯಾಮೆರಾದ ಕಾರ್ಡಿನಲ್ಲಿ ಇದ್ದದ್ದನ್ನು ಮುಂದಿನ ಮದುವೆಯ ಫೋಟೋಗಳಿಗಾಗಿ ಅಳಿಸಿದ್ದೆ. ಆ ಕಪ್ಪಿನೊಳಗೆ ಈಗ ಹುಡುಕುವುದಕ್ಕೆ ಏನೂ ಇಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳಿಗೆ ಅರ್ಧ ಅರ್ಥವಾಯಿತು.

"ಹಂಗಾದ್ರೆ ನೀನೇ ಒಂದು ಬೆರಳು ಬರ್ದುಬಿಡಪ್ಪ. ಮುಚ್ಚಿರೋ ಕಣ್ಣೇ ತೆಗೆಸ್ತೀಯಂತಲ್ಲ ಮದುವೆ ಫೋಟೋಲಿ."

ಮೌಸ್ ಹಿಡಿದು ಕೂತೆ. ಬೆರಳು ಎಷ್ಟು ಬಾಗಿತ್ತು? ಉಗುರು ಯಾವ ಕಡೆಗಿತ್ತು? ಶಾಲೆಗೆ ಕಳಿಸುವಾಗ ಅಮ್ಮ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದದ್ದು ನೆನಪಾಯಿತು. ಆಗ ಬಾಗಿದ ಬೆರಳು ನನ್ನ ಗಲ್ಲಕ್ಕೆ ತಾಗುತ್ತಿತ್ತು, ನನ್ನ ಎಡಗಡೆಯಿಂದ. ಅಮ್ಮ ನನ್ನೆದುರು ಕೂತಿದ್ದರೆ ಅದು ಅವಳ ಬಲಗೈ.

"ಅಕ್ಕ, ಎಡಗೈಯೇನಾ?"

"ಎಡಗೈಯೇ..." ಎಂದು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಎಡಗೈ ಅಲ್ವೇನೋ?"

ಮೌಸ್ ಬಿಟ್ಟೆ. ಅವಳು ಮತ್ತೆ ಬರೆಯಲು ಹೇಳಲಿಲ್ಲ. ಹಳೆಯ ಫೋಟೋವನ್ನೇ ಪೇಪರಿನಲ್ಲಿ ಸುತ್ತಿಕೊಂಡಳು. ಬಸ್ ಹತ್ತುವಾಗ ಕೇಳಿದಳು, "ಯಾವ ಕೈ ಅಂತ ಬೀಗಿತ್ತಿ ಕೇಳಿದ್ರೆ ಏನಂತ ಹೇಳ್ಲೋ?"

ಎಡಗೈ ಅನ್ನಕ್ಕ, ಅಂದೆ.