ಆಯಿಲ್ ಅಂದದ್ದು ಯಾವ ಆಯಿಲು

ಉಣ್ಣಲು ಕುಳಿತಾಗಲೂ ಶಾಂತಮೂರ್ತಿಯ ಕಿವಿ ರಸ್ತೆಯ ಮೇಲೆಯೇ ಇರುತ್ತಿತ್ತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಅವನ ಬೈಕ್ ಗ್ಯಾರೇಜು, ಅದರ ಹಿಂದೆಯೇ ಮನೆ. ಹೊರಗೆ ಯಾವುದಾದರೂ ಬೈಕು ಗೇರು ಬದಲಿಸುವಾಗ ಕಟಕ್ಕೆಂದರೆ ಮುದ್ದೆಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. “ಅದು ನಿಮ್ ತಾವಕ್ಕೆ ಬಂದಿರಾ ಗಾಡಿಯಲ್ಲ, ಉಣ್ಣಿ” ಎಂದು ಹೆಂಡತಿ ಲಕ್ಷ್ಮಿದೇವಿ ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತಲೇ ಇದ್ದಳು.

ಆ ಬುಧವಾರ ಅವನು ಉಣ್ಣಲು ಕೂರಲೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶಾಗ್ಯದ ನಾಗರಾಜು ತನ್ನ ದೊಡ್ಡ ಬೈಕನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ನಾಗರಾಜು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ನಿವೃತ್ತನಾದವನು. ಅಷ್ಟೂ ವರ್ಷ ಇಂಥದೊಂದು ವಿದೇಶಿ ಬೈಕಿನ ಚಿತ್ರವನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದವನು. ಹಳೆಯದಾದರೂ ಕೊನೆಗೆ ಕೈಗೆ ಬಂದಿತ್ತು.

“ಸಂಜೆ ಐದಕ್ಕೆ ಯಳಂದೂರಿಂದ ಒಬ್ರು ಗಾಡಿ ತಕಳಾಕೆ ಬತ್ತಾವ್ರೆ ಮೂರ್ತಣ್ಣ” ಎಂದ ನಾಗರಾಜು. “ನಮ್ಮನೇವ್ಳು ಪ್ರೇಮಾ ಮಾರ್ಬುಡು ಅಂತಾವ್ಳೆ. ಮೊನ್ನೆ ಹನೂರ್ ಹಂಪ್ ತಾವ ಕ್ಲಚ್ ಇಡ್ಕಂಡು ನಿಂತಿದ್ದೆ, ಗಾಡಿ ತಾನೇ ಮುಂದಕ್ ನುಗ್ತು. ಮುಂದೆ ಕುರಿ ಮಂದೆ, ಹಿಂದೆ ಇವ್ಳು. ಚರಂಡಿ ಕಡೆ ತಿರುಗ್ಸಿ ಇಬ್ರೂ ಬಿದ್ವಿ.”

“ಏಟಾಯ್ತಾ?”

“ಅವ್ಳ ಮೊಣಕೈ ತರಚ್ತು. ಗಾಡೀಲೇ ಏನೋ ಅದೆ, ಮನೆಗೆ ಬ್ಯಾಡ ಅಂತಾವ್ಳೆ. ನೀವು ಸರಿ ಮಾಡ್ಬುಟ್ರೆ ಒಂದ್ ಮಾತು ಕೇಳ್ ನೋಡ್ತೀನಿ.”

ಶಾಂತಮೂರ್ತಿ ಕ್ಲಚ್ಚಿನ ಲಿವರ್ ಒತ್ತಿದ. ಜೀವವಿಲ್ಲದ ಕೈಯಂತೆ ಅದು ಹ್ಯಾಂಡಲ್ಲಿಗೆ ಬಂದು ಒರಗಿತು. ಬೇರೆ ಬೈಕುಗಳಲ್ಲಾದರೆ ಲಿವರು ಒಂದು ವೈರನ್ನು ಎಳೆಯುತ್ತದೆ; ಈ ಗಾಡಿಯಲ್ಲಿ ವೈರೇ ಇಲ್ಲ. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಲಿವರ್ ಒತ್ತಿದರೆ ಅದು ಪೈಪಿನೊಳಗೆ ಸಾಗಿ ಎಂಜಿನ್ನಿನ ಬಳಿಯ ಪಿಸ್ಟನ್ನನ್ನು ತಳ್ಳಿ ಕ್ಲಚ್ ಬಿಡಿಸಬೇಕು. ಅವನು ಎರಡೂ ತುದಿಗಳನ್ನು ಬೆರಳಿನಿಂದ ಸವರಿ ನೋಡಿದ. ಎಲ್ಲಿಯೂ ಸೋರಿರಲಿಲ್ಲ. ಗಾಳಿ ಸೇರಿರಬೇಕು ಎಂದುಕೊಂಡು, ನಾಗರಾಜುವಿಗೆ ಲಿವರ್ ಒತ್ತಿ ಹಿಡಿಯಲು ಹೇಳಿ, ಗಾಳಿ ಹೊರಬಿಡುವ ಕೆಳಗಿನ ನಿಪ್ಪಲ್ ಸಡಿಲಿಸಿ, ಬಂದದ್ದನ್ನು ಒಂದು ಟೀ ಲೋಟಕ್ಕೆ ಹಿಡಿದ. ಗುಳ್ಳೆಗಳು ಬಂದವು, ನಿಂತವು. ಲಿವರು ಗಟ್ಟಿಯಾಯಿತು.

“ಆಯ್ತಲ್ಲ” ಎಂದ ನಾಗರಾಜು.

“ಸುಮ್ನಿರಿ.” ಶಾಂತಮೂರ್ತಿ ಹಳೆಯ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಬಿಗಿದು ಕಟ್ಟಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಚಾಲೂ ಮಾಡಿ ಮೊದಲ ಗೇರಿಗೆ ಹಾಕಿದ. ಹಿಂದಿನ ಚಕ್ರ ಅಲುಗಲಿಲ್ಲ. ಐದು ನಿಮಿಷವಾಯಿತು. ಎಂಟನೆಯ ನಿಮಿಷಕ್ಕೆ, ಲಿವರು ಕಟ್ಟಿದ್ದಂತೆಯೇ ಇದ್ದರೂ, ಚಕ್ರ ತಾನಾಗಿ ತಿರುಗತೊಡಗಿತು.

ಎಂಜಿನ್ ನಿಲ್ಲಿಸಿ ಅವನು ರಸ್ತೆಗೆ ಹೋದ, ಬಂದ. ಮತ್ತೆ ಹೋದ. ಎದುರಂಗಡಿಯಲ್ಲಿ ಟೀ ಹೇಳಿ ಕುಡಿಯದೆ ಹಿಂದಿರುಗಿದ. ಬೆಂಚಿನ ಮೇಲಿಟ್ಟಿದ್ದ ಲೋಟ ಆಗ ಕಣ್ಣಿಗೆ ಬಿತ್ತು. ಒಳಗಿದ್ದದ್ದು ಎರಡು ಪದರವಾಗಿ ನಿಂತಿತ್ತು: ಕೆಳಗೆ ತಿಳಿಯಾದದ್ದು, ಅದರ ಮೇಲೆ ತೇಲುತ್ತಿದ್ದ ಜೇನುಬಣ್ಣದ್ದು. ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿನ ರಬ್ಬರು ಊದಿಕೊಂಡು, ಮತ್ತೆ ತನ್ನ ಜಾಗದಲ್ಲಿ ಕೂರಲೊಲ್ಲದಾಗಿತ್ತು.

“ನಾಗರಾಜು, ಇದ್ರೊಳಕ್ಕೆ ಏನ್ ಬುಟ್ರಿ?”

“ನೀವೇಳಿದ್ದೇ. ಆಯಿಲು. ಎಂಜಿನ್ ಆಯಿಲ್ದು ಒಸಾ ಡಬ್ಬಿ ಒಡ್ದು ಬುಟ್ಟೆ, ಹಳೇದಲ್ಲ.”

ಶಾಂತಮೂರ್ತಿಗೆ ಮೂರು ವಾರದ ಹಿಂದಿನ ಮಧ್ಯಾಹ್ನ ನೆನಪಾಯಿತು. ಎರಡೂ ಕೈ ಬೇರೊಂದು ಎಂಜಿನ್ನಿನೊಳಗೆ, ಫೋನು ಕಿವಿಗೂ ಭುಜಕ್ಕೂ ನಡುವೆ. ‘ಕ್ಲಚ್ ಡಬ್ಬೀಲಿ ಕಮ್ಮಿಯಾಗದೆ’ ಎಂದು ನಾಗರಾಜು ಕೇಳಿದ್ದಕ್ಕೆ ‘ಒಸಿ ಆಯಿಲ್ ಬುಟ್ಕಳಿ’ ಎಂದು ಹೇಳಿದ್ದ. ಅವನ ಗ್ಯಾರೇಜಿನಲ್ಲಿ ಎಂಜಿನ್ನಿನದೂ ಆಯಿಲು, ಬ್ರೇಕಿನದೂ ಆಯಿಲು. ಯಾವುದೆಂದು ಕೈಗೇ ಗೊತ್ತಿತ್ತು. ಎಂಜಿನ್ ಆಯಿಲ್ ಸೋಕಿದ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಿಡಿತ ಬಿಟ್ಟಿದ್ದವು.

ರಬ್ಬರ್ ಹಳೇದಾಗಿತ್ತು ಎಂದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಮೈಸೂರಿನ ಅಂಗಡಿಗೆ ಫೋನು ಮಾಡಿದ. ಸೀಲುಗಳೂ ಹೊಸ ಪೈಪೂ ಎರಡು ಗಂಟೆಯ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಬಂದವು. ಅಲ್ಲಿಯವರೆಗೆ ಅವನು ಬಿಚ್ಚಿದ್ದನ್ನೇ ತೊಳೆದ, ತೊಳೆದದ್ದನ್ನೇ ಒರೆಸಿದ. ಸೀಲುಗಳನ್ನು ಕೂರಿಸಿ, ಹೊಸ ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆದು, ಲಿವರನ್ನು ಮತ್ತೆ ಕಟ್ಟಿದ. ಈ ಸಲ ಹದಿನೈದು ನಿಮಿಷ ಕಳೆದರೂ ಚಕ್ರ ಅಲುಗಲಿಲ್ಲ.

ನಾಲ್ಕೂಕಾಲಿಗೆ ಪ್ರೇಮಾ ಬಸ್ಸಿಳಿದು ಬಂದಳು. ಮೊಣಕೈಗೆ ಪಟ್ಟಿ, ಕೈಯಲ್ಲಿ ಆರ್‌ಸಿ ಬುಕ್ಕಿನ ಕವರು. ಗಾಡಿ ಸರಿಯಾಗಿದೆ ಎಂದು ಗಂಡ ಹೇಳಿದರೂ ಆಕೆ ಕವರನ್ನು ಬಿಡಲಿಲ್ಲ. “ಇವತ್ತು ಸರಿಯಾಗದೆ. ನಾಳಿಕ್ಕೆ? ಇದನ್ನ ನಂಬಕಾಗಲ್ಲ ಕಣಣ್ಣ.”

ನಾಗರಾಜು ಗಾಡಿಯ ಕನ್ನಡಿಯನ್ನು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಶಾಂತಮೂರ್ತಿ ಕೈ ತೊಳೆದಿದ್ದ, ಮತ್ತೊಮ್ಮೆ ತೊಳೆದ. ಆಮೇಲೆ ಲೋಟವನ್ನು ತಂದು ಅವಳ ಮುಂದಿಟ್ಟ.

“ಗಾಡೀದು ತಪ್ಪಿಲ್ಲ ತಾಯಿ. ನಂದು. ಬ್ರೇಕ್ ಆಯಿಲು ಅನ್ನಾ ಕಡೆ ಬರೀ ಆಯಿಲು ಅಂದ್ಬುಟ್ಟೆ. ಇವ್ರು ಎಂಜಿನ್ ಆಯಿಲ್ ಬುಟ್ರು. ನೀವು ಬಿದ್ದಿದ್ದು ನನ್ ಮಾತಿಂದ.”

ಪ್ರೇಮಾ ಲೋಟವನ್ನು ನೋಡಿದಳು, ಗಂಡನನ್ನು ನೋಡಿದಳು. “ಡಬ್ಬಿ ಮೇಲೆ ಬರ್ದಿರಲ್ವಾ?”

“ಬರ್ದದೆ” ಎಂದ ನಾಗರಾಜು ಮೆಲ್ಲಗೆ. “ಸಣ್ಣಕ್ಷರ.”

“ಇಪ್ಪತ್ತೆರಡು ವರ್ಷ ಡ್ರೈವರ್ರು. ಅವ್ರು ಬುಡಿಸಿ ಏಳ್ನಿಲ್ಲ, ನೀನು ಓದ್ನಿಲ್ಲ. ನಾನು ಗಾಡೀನ ಬಯ್ಕಂಡು ಕುಂತಿವ್ನಿ.” ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. “ತಗಿ. ಅದೇ ಹಂಪ್ ತಾವ ನಿಲ್ಸು. ನಿಂತ್ರೆ ನೋಡಾನ.”

ಇಬ್ಬರೂ ಹನೂರಿನ ಕಡೆ ಹೊರಟರು. ಐದಕ್ಕೆ ಸರಿಯಾಗಿ ಯಳಂದೂರಿನ ಸಿದ್ದಮಲ್ಲಪ್ಪ ಬಂದು ಸ್ಟೂಲಿನ ಮೇಲೆ ಕುಳಿತ. “ಗಾಡಿ ಎಲ್ಲಿ ಸಾ?”

“ಬತ್ತದೆ” ಎಂದ ಶಾಂತಮೂರ್ತಿ. ಕೂರಲಾಗದೆ ರಸ್ತೆಯಂಚಿಗೆ ಹೋಗಿ ನಿಂತ. ಐದೂಕಾಲಿಗೆ ಫೋನು ಬಡಿದುಕೊಂಡಿತು. ಪ್ರೇಮಾ.

“ನಿಂತದೆ ಅಣ್ಣ. ಗೇರಲ್ಲೇ ನಿಂತದೆ, ಅಳ್ಳಾಡ್ನಿಲ್ಲ. ಆ ಯಳಂದೂರ್ನೋರ್ಗೆ ಟೀ ಕುಡ್ಸಿ ಕಳ್ಸಿ. ನಾವಿಂಗೇ ಊರಿಗೆ ಓಯ್ತೀವಿ.”

“ಫೋನ್ ಮಡಗ್ಬ್ಯಾಡಿ ತಾಯಿ” ಎಂದ ಶಾಂತಮೂರ್ತಿ. “ಮುಂದ್ಕೆ ಕಮ್ಮಿಯಾದ್ರೆ ಬುಡಾದು ಬ್ರೇಕ್ ಆಯಿಲು. ಆ ಕವರ್ ಮೇಲೇ ಬರ್ಕಳಿ. ಬ್ರೇಕ್ ಆಯಿಲು. ಒಂದ್ಸಲ ನನಗೆ ಓದಿ ಏಳಿ.”