ಮಲ್ಲಯ್ಯನಿಗೆ ಬಿಟ್ಟ ಸಿಹಿ

ನಮ್ಮವ್ವ ಸಿಹಿ ಬಿಟ್ಟಾಗ ನನಗೆ ಹದಿನೇಳು ವರ್ಷ. ಆ ಸಲ ಯುಗಾದಿಗೆ ಅವಳು ನಾರಾಯಣಪೇಟೆಯ ಓಣಿಯವರ ಜೊತೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗಿದ್ದಳು. ಹಾಗೆ ಹೋದವರು ತಮಗೆ ಪ್ರೀತಿಯದೊಂದನ್ನು ಮಲ್ಲಯ್ಯನಿಗೆ ಬಿಟ್ಟು ಬರುವುದು ನಮ್ಮ ಕಡೆಯ ರೂಢಿ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಚಹಾ ಬಿಡುತ್ತಾರೆ. ತಂಬಾಕು ಬಿಡುತ್ತೇನೆಂದು ಊರಿಗೆಲ್ಲ ಸಾರಿ ಹೋದ ನಮ್ಮ ದೊಡ್ಡಪ್ಪ ಮಾತ್ರ ಹಾಗಲಕಾಯಿ ಬಿಟ್ಟು ಬಂದಿದ್ದ.

ಅವ್ವ ಎಂಥವಳೆಂದರೆ, ಬೆಲ್ಲದ ಡಬ್ಬಿಯ ಮುಚ್ಚಳ ಸಪ್ಪಳವಾದರೆ ಸಾಕು, ಹಿತ್ತಲಲ್ಲಿದ್ದರೂ ಬಂದು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಂಥವಳು ಸಿಹಿ ಬಿಟ್ಟಳೆಂದರೆ ಓಣಿಗೆ ಓಣಿಯೇ ಬೆರಗಾಯಿತು. ಹಬ್ಬಕ್ಕೆ ಬಂದವರು ಅವಳ ಕಾಲು ಮುಟ್ಟಿ ಹೋಗುತ್ತಿದ್ದರು. ನಾನೂ ಮುಟ್ಟಿದೆ. ನಮ್ಮವ್ವನಂಥ ಅವ್ವ ಯಾರಿಗಿದ್ದಾಳೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡೆ. ಊಟಕ್ಕೆ ಕೂತಾಗ ತನ್ನ ತಾಟಿಗೆ ಹೋಳಿಗೆ ಬಿದ್ದರೆ ಅವ್ವ ಅದನ್ನೆತ್ತಿ ನನ್ನ ತಾಟಿಗೆ ಹಾಕುತ್ತಿದ್ದಳು. "ನನ್ನ ಪಾಲಿಂದು ನೀ ಉಣ್ಣು, ಮಲ್ಲಯ್ಯಗ ಮುಟ್ಟತೈತಿ" ಎನ್ನುತ್ತಿದ್ದಳು. ಹೀಗೆ ಎರಡು ಪಾಲು ಉಂಡು ಬೆಳೆದವಳು ನಾನು. ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ ಅದೇ ನಡೆಯಿತು.

ನನ್ನನ್ನು ಗದ್ವಾಲಿಗೆ ಕೊಟ್ಟರು. ಗಂಡ ಸೀರೆ ನೇಯುತ್ತಾರೆ, ನನ್ನದು ಕೆಚ್ಚುವ ಕೆಲಸ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಅಂಥವು ಸಾವಿರಾರು ಎಳೆ. ಕಣ್ಣಿಗಿಂತ ಬೆರಳಿಗೆ ಹೆಚ್ಚು ತಿಳಿಯುವ ಕೆಲಸ ಅದು. ನಮ್ಮ ಓಣಿಯ ಮಗ್ಗಗಳಿಗೆಲ್ಲ ನಾನೇ ಆಗಬೇಕಿತ್ತು. ಕರೆಯಲು ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ ನಾನು ಬಿಗುಮಾನ ಮಾಡುತ್ತಿದ್ದುದೂ ಉಂಟು, ಸುಳ್ಳು ಯಾಕೆ ಹೇಳಲಿ. ಆ ಬೆರಳುಗಳೇ ನಾಲ್ಕು ವರ್ಷದ ಹಿಂದೆ ಕೆಟ್ಟವು.

ಮೊದಲು ಬೆರಳ ಸಂದಿಯ ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗಾಗಿ ಸಿಪ್ಪೆ ಎದ್ದಿತು. ಆಮೇಲೆ ಉಗುರಿನ ಬುಡ ಬಾತಿತು. ಆಮೇಲೆ ಎದೆಯ ಕೆಳಗೆ, ತೊಡೆಯ ಸಂದಿಯಲ್ಲಿ, ಹೆಂಗಸರು ಹೆಂಗಸರಿಗೂ ಹೇಳದ ಜಾಗದಲ್ಲಿ ತುರಿಕೆ, ಉರಿ. ನೂಲಿನ ಗಂಜಿಯಲ್ಲಿ ಕೈಯಾಡಿಸುತ್ತೀಯಲ್ಲ, ಅದಕ್ಕೇ ಎಂದರು. ಗಂಜಿಯ ಕೆಲಸ ಬಿಟ್ಟೆ. ಸಾಬೂನು ಬದಲಿಸಿದೆ. ಬೇವಿನ ನೀರಾಯಿತು, ಗಂಧಕ ಬೆರೆಸಿದ ಕೊಬ್ಬರಿ ಎಣ್ಣೆಯಾಯಿತು. ಕೊನೆಗೆ ಮೆಡಿಕಲ್ ಅಂಗಡಿಯವನನ್ನು ಕೇಳಿದರೆ ಒಂದು ಟ್ಯೂಬು ಕೈಗಿಟ್ಟ. ಮೂರೇ ದಿನಕ್ಕೆ ಎಲ್ಲ ಮಾಯ. ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದೆ. ಹಚ್ಚುವುದು ಬಿಟ್ಟ ಹತ್ತು ದಿನಕ್ಕೆ ಅದು ಮೊದಲಿನ ಎರಡರಷ್ಟಾಗಿ ವಾಪಸು ಬಂತು. ಮತ್ತೆ ಟ್ಯೂಬು, ಮತ್ತೆ ಮಾಯ, ಮತ್ತೆ ವಾಪಸು.

ಎದ್ದ ಸಿಪ್ಪೆಗೆ ರೇಷ್ಮೆ ಎಳೆ ಸಿಕ್ಕಿ ಹರಿಯತೊಡಗಿತು. ಅಂಟುರೋಗವೆಂದುಕೊಂಡು ಒಂದೊಂದೇ ಮನೆಯವರು ಕರೆಯುವುದನ್ನು ಬಿಟ್ಟರು. ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಹಾಸು ಇನ್ನೂ ಬಂದಿಲ್ಲಕ್ಕ ಎನ್ನುತ್ತಿದ್ದರು, ಒಳಗೆ ಬೇರೊಬ್ಬಳು ಕೂತು ಕೆಚ್ಚುತ್ತಿರುವುದು ಬಾಗಿಲಿಂದಲೇ ಕಾಣುತ್ತಿತ್ತು. ಇದು ಎಲ್ಲಿಂದ ಬಂತು, ಯಾರಿಂದ ಬಂತು ಎನ್ನುವುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಇದನ್ನೆಲ್ಲ ಬಿಚ್ಚಿ ಹೇಳಿದ್ದು ಅವ್ವನಿಗೆ ಒಬ್ಬಳಿಗೇ. ಬಸ್ಸು ಹತ್ತಿ ಮಕ್ತಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅವಳ ಹತ್ತಿರ ಓಡುತ್ತಿದ್ದೆ. ಅವಳು ತಾನೇ ಬೇವು ಅರೆದು ಹಚ್ಚುತ್ತಿದ್ದಳು, ನಾನು ಹೇಳುತ್ತ ಹೋದರೆ ತಲೆ ಎತ್ತದೆ ಕೇಳುತ್ತಿದ್ದಳು. ಮಗಳ ಸಂಕಟ ನೋಡಲಾರಳು ಪಾಪ ಎಂದುಕೊಳ್ಳುತ್ತಿದ್ದೆ. ದೊಡ್ಡ ಡಾಕ್ಟರಿಗೆ ತೋರಿಸಲೇನು ಎಂದರೆ ಬೇಡವೆನ್ನುತ್ತಿದ್ದಳು. ದವಾಖಾನೆಗೆ ಹೋದರೆ ಮೊದಲು ರಕ್ತ ತೆಗೆಯುತ್ತಾರೆ, ಇಲ್ಲದ ರೋಗ ಹುಟ್ಟಿಸುತ್ತಾರೆ ಎನ್ನುತ್ತಿದ್ದಳು. ನಾನು ಬಿಡದೆ ಅದೇ ಮಾತು ಕೆದಕಿದ ಒಂದು ದಿನ, ಕೈಯಲ್ಲಿದ್ದ ಬೇವು ಒರೆಸಿಕೊಳ್ಳುತ್ತ ಕೇಳಿದಳು, "ನಿನ್ನ ಗಂಡ ಅಂಗಡಿಗೆ ಸೀರಿ ಹಾಕಾಕ ಹೈದರಾಬಾದಿಗೆ ಹೋಗ್ತಾನಲ್ಲ, ಎರಡ ದಿನಾ ಅಲ್ಲೇ ಇರತಾನಲ್ಲ. ಗಂಡಸೂರು ಎಲ್ಲಿಂದ ಏನ ಹಚ್ಕೊಂಡ ಬರತಾರೋ ಯಾರಿಗೆ ಗೊತ್ತು?"

ಅಷ್ಟೇ ಅಂದದ್ದು. ನನ್ನ ಬಾಯಿ ಮೊದಲೇ ಕೆಟ್ಟದ್ದು, ಅಷ್ಟು ಸಾಕಾಯಿತು. ಗದ್ವಾಲಿಗೆ ಬಂದವಳೇ ಅವರ ಹಾಸಿಗೆ ಎತ್ತಿ ಮಗ್ಗದ ಕೋಣೆಗೆ ಒಗೆದೆ. ಅನ್ನಬಾರದ್ದೆಲ್ಲ ಅಂದೆ. ಅವರು ಲಾಳಿ ಮುಟ್ಟಿ ಆಣೆ ಮಾಡಿದರು. ನೇಕಾರ ಲಾಳಿ ಮುಟ್ಟಿ ಸುಳ್ಳು ಹೇಳುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವ್ವನ ಮಾತು ಅದಕ್ಕಿಂತ ದೊಡ್ಡದಾಗಿ ಕಂಡಿತು. ಸಿಹಿಯನ್ನೇ ದೇವರಿಗೆ ಬಿಟ್ಟವಳು ಸುಮ್ಮನೆ ಅನ್ನುತ್ತಾಳೆಯೇ? ಒಂದೂವರೆ ವರ್ಷ ಆ ಮನುಷ್ಯ ಮಗ್ಗದ ಪಕ್ಕ ಚಾಪೆ ಹಾಸಿಕೊಂಡು ಮಲಗಿದರು. ಕಾಲೇಜಿಗೆ ಹೋಗುವ ಮಗಳು ಯಾಕೆ ಎಂದು ಕೇಳಿದಳು. ನಿಮ್ಮಪ್ಪನನ್ನೇ ಕೇಳು ಎಂದೆ. ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಒಂದು ದಿನ ಉಗುರೇ ಕಳಚಿ ಬಂತು. ಅವತ್ತು ಅವ್ವನಿಗೂ ಹೇಳದೆ ಮಕ್ತಲಿಗೆ ಹೋದೆ. ವಾರಕ್ಕೊಮ್ಮೆ ಬಂದು ಕೂರುವ ಚರ್ಮದ ಡಾಕ್ಟರಮ್ಮ ಒಬ್ಬಳಿದ್ದಳು. ಗದ್ವಾಲಿನಲ್ಲಾದರೆ ಯಾರಾದರೂ ನೋಡಿಯಾರು ಎಂದು ಅಲ್ಲಿಗೆ ಹೋದದ್ದು. ನನ್ನ ಟ್ಯೂಬು ನೋಡಿದವಳೇ ಅದನ್ನು ಕಸದ ಬುಟ್ಟಿಗೆ ಹಾಕಿದಳು. ಇದು ಫಂಗಸ್ಸು, ಹಳಸಿದ ರೊಟ್ಟಿಯ ಮೇಲೆ ಬರುವ ಬೂಷ್ಟಿನ ಜಾತಿಯದು ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದಳು. ಆ ಟ್ಯೂಬಿನಲ್ಲಿರುವ ಸ್ಟೆರಾಯ್ಡು ತುರಿಕೆಯನ್ನು ಮಲಗಿಸಿ ಬೂಷ್ಟನ್ನು ಬೆಳೆಸುತ್ತದೆಯಂತೆ. ಆಮೇಲೆ, ಇದು ಹೀಗೆ ಮತ್ತೆ ಮತ್ತೆ ಬರಬೇಕಾದರೆ ಒಳಗೆ ಏನೋ ಇರುತ್ತದೆ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದು ಕೇಳಿದಳು.

ಯಾರಿಗೂ ಇಲ್ಲ ಎಂದೆ. ಅಷ್ಟಕ್ಕೇ ಸುಮ್ಮನಿರದೆ, ನಮ್ಮವ್ವ ಇಪ್ಪತ್ತಾರು ವರ್ಷದಿಂದ ಸಿಹಿಯನ್ನೇ ಮುಟ್ಟಿಲ್ಲ, ಮಲ್ಲಯ್ಯನಿಗೆ ಬಿಟ್ಟಿದ್ದಾಳೆ ಎಂದು ಜಂಬದಿಂದ ಸೇರಿಸಿದೆ. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು, ರಕ್ತಕ್ಕೆ ಬರೆದುಕೊಟ್ಟಳು. ಮಧ್ಯಾಹ್ನಕ್ಕೆ ರಿಪೋರ್ಟು ಬಂತು. ಸಕ್ಕರೆ ಏರಿ ಕೂತಿತ್ತು, ಕೂತು ಎಷ್ಟೋ ವರ್ಷವಾಗಿರಬೇಕು ಎಂದಳು. ಸಿಹಿ ತಿಂದದ್ದಕ್ಕೇ ಬರುವ ರೋಗವಲ್ಲ ಇದು, ಮನೆತನದಲ್ಲಿ ಇಳಿದು ಬರುತ್ತದೆ, ಮೊದಲೇ ತಿಳಿದಿದ್ದರೆ ವರ್ಷಕ್ಕೊಮ್ಮೆ ರಕ್ತ ನೋಡಿಸಿಕೊಂಡು ಹುಷಾರಾಗಿರಬಹುದಿತ್ತು ಎಂದಳು. ಮಗಳಿದ್ದಾಳೆಂದು ಕೇಳಿ, ಅವಳಿಗೂ ಹೇಳು, ಅವಳ ರಕ್ತವನ್ನೂ ನೋಡಿಸು ಎಂದಳು. ಆಗಲಿ ಎಂದು ತಲೆಯಾಡಿಸಿದೆ.

ಕೆಳಗಿನ ಅಂಗಡಿಯಲ್ಲಿ ಅವಳು ಸಕ್ಕರೆಗೆಂದು ಬರೆದ ಗುಳಿಗೆ ಕೊಟ್ಟರು. ಆ ಶೀಟು ಕೈಗೆ ಬಂದಾಗ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅದೇ ಹಸಿರು ಬಣ್ಣ, ಅದೇ ಉದ್ದನೆಯ ಬಿಳಿ ಗುಳಿಗೆ. ಅವ್ವನ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಗಳ ಹಿಂದಿನ ತಗಡಿನ ಡಬ್ಬಿಯಲ್ಲಿ ಇಂಥವೇ ಇರುತ್ತಿದ್ದವು. ಅವಳು ಅವಕ್ಕೆ ಬಲದ ಗುಳಿಗೆ ಎನ್ನುತ್ತಿದ್ದಳು. ಎಷ್ಟು ಸಲ ನಾನೇ ನೀರಿನ ಚೊಂಬು ತಂದು ಕೊಟ್ಟಿದ್ದೇನೆ.

ಗದ್ವಾಲಿನ ಬಸ್ಸು ನಿಂತೇ ಇತ್ತು. ನಾನು ನಾರಾಯಣಪೇಟೆಯ ಬಸ್ಸು ಹತ್ತಿದೆ. ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಾತಾಡದೆ ದೇವರ ಗೂಡಿಗೆ ಹೋಗಿ ಡಬ್ಬಿ ತಂದೆ, ಅವಳ ಶೀಟು ನನ್ನ ಶೀಟು ಎರಡನ್ನೂ ಮೊರದ ಅಕ್ಕಿಯ ಮೇಲೆ ಜೋಡಿಸಿಟ್ಟೆ.

"ಎಷ್ಟ ದಿನಾ ಆತು?" ಎಂದೆ.

ಅವಳು ಮೊರದಿಂದ ಒಂದು ಕಲ್ಲು ಆರಿಸಿ ಒಗೆದಳು. ಆಮೇಲೆ, ನಿನ್ನ ಮದುವೆಗಿಂತ ಮೊದಲು ಎಂದಳು. ಕರ್ನೂಲಿನ ದವಾಖಾನೆಯಲ್ಲಿ ಹೇಳಿದ್ದರಂತೆ, ಅಪ್ಪನಿಗೆ ಮಾತ್ರ ಗೊತ್ತಿತ್ತಂತೆ. ನನಗೆ ಗಂಡು ನೋಡುತ್ತಿದ್ದರು, ನನ್ನ ಬೆನ್ನಿಗೆ ಇಬ್ಬರು ತಂಗಿಯರಿದ್ದರು. ಸಕ್ಕರೆ ಮನೆತನವೆಂದು ಹೆಸರು ಬಿದ್ದರೆ ಬಾಗಿಲಿಗೆ ಯಾರು ಬರುತ್ತಿದ್ದರು? ಸಿಹಿ ತಿನ್ನದಿರುವುದಕ್ಕೆ ಒಂದು ಕಾರಣ ಬೇಕಿತ್ತು, ಶ್ರೀಶೈಲಕ್ಕೆ ನಡೆದಳು. ಮದುವೆಯಾದ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. ದೇವರ ಹೆಸರಿನಲ್ಲಿ ಹೇಳಿದ ಸುಳ್ಳನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದಳು. ಜನ ಕಾಲು ಮುಟ್ಟಿದ ಮೇಲಂತೂ ಆಗಲೇ ಇಲ್ಲವಂತೆ.

ಅಷ್ಟನ್ನು ನಾನು ನುಂಗಬಲ್ಲವಳಾಗಿದ್ದೆ. ಇನ್ನೊಂದನ್ನು ನುಂಗಲಾಗಲಿಲ್ಲ. "ನನ್ನ ಗಂಡನ ಮ್ಯಾಲೆ ಯಾಕ ಹಾಕಿದಿ?" ಎಂದೆ.

"ಯಾರಿಂದ ಬಂತು ಅಂತ ಕೇಳಿಕೋತ ಕೇಳಿಕೋತ ನೀ ನನ್ನ ಗುಟ್ಟಿನ ಹತ್ತರಾನ ಬರಾಕತ್ತಿದ್ದಿ" ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಕೊಳೆಯುತ್ತಿದ್ದ ನನ್ನ ಬೆರಳಿಗೆ ಬೇವು ಹಚ್ಚುತ್ತಿದ್ದ ಕೈಗೆ ಎಲ್ಲ ಗೊತ್ತಿತ್ತು. ಹೋಳಿಗೆ ಎತ್ತಿ ಹಾಕುವಾಗಲೂ ಗೊತ್ತಿತ್ತು. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಬಂದುಬಿಟ್ಟೆ. ಅವಳು ಬಾಗಿಲವರೆಗೂ ಬರಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ಪೂರ್ತಿ ಕೇಳಿದರು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ಹಂಗಾರ ಹಾಸಿಗಿ ಒಳಗ ತರಲೇನು?" ಎಂದರು. ನನಗೆ ಅತ್ತು ಸಾಕಾಯಿತು.

ಸಕ್ಕರೆ ಇಳಿದಂತೆ ಬೆರಳು ವಾಸಿಯಾಗುತ್ತ ಬಂದವು. ಕೈ ಒದ್ದೆಯಾದರೆ ಸಂದಿಯನ್ನೆಲ್ಲ ಒರೆಸಿ ಒಣಗಿಸಬೇಕು, ತುರಿಕೆ ನಿಂತಿತೆಂದು ಔಷಧ ನಡುವೆ ಬಿಡಬಾರದು ಎಂದಿದ್ದಳು ಡಾಕ್ಟರಮ್ಮ, ಹಾಗೇ ಮಾಡಿದೆ. ಮೂರು ತಿಂಗಳಿಗೆ ಹೊಸ ಉಗುರು ಅರ್ಧ ಬಂತು. ಒಂದು ಮನೆಯವರು ಬಂದು ಕರೆದರು, ಬಿಗುಮಾನ ಮಾಡದೆ ಹೋದೆ. ಮಗಳಿಗೆ ಮಾತ್ರ ಹೇಳಲಿಲ್ಲ. ನಮ್ಮ ಊರಿಗೆ ಹತ್ತಿರದ ಶಾಂತಿನಗರದಿಂದ ಅವಳಿಗೊಂದು ಸಂಬಂಧ ಬಂದಿತ್ತು, ಒಳ್ಳೆಯ ಮನೆ. ಅದೊಂದು ಆಗಿಬಿಡಲಿ, ಆಮೇಲೆ ಹೇಳೋಣ ಎಂದು ಗಂಡನ ಬಾಯಿಯನ್ನೂ ಕಟ್ಟಿದೆ. ಅವರು ನನ್ನನ್ನೊಮ್ಮೆ ನೋಡಿ ಮಗ್ಗಕ್ಕೆ ಇಳಿದರು.

ಹೀಗೆ ಆರು ತಿಂಗಳಾಗಿ ಯುಗಾದಿ ಬಂತು. ಅಜ್ಜಿಗೂ ನನಗೂ ಏನಾಗಿದೆಯೆಂದು ತಿಳಿಯದ ಮಗಳು ತಾನೇ ನಾರಾಯಣಪೇಟೆಗೆ ಹೋಗಿ ಅಜ್ಜಿಯನ್ನು ಕರೆತಂದಳು. ಹಬ್ಬದ ದಿನ ಬಾಗಿಲಿಗೆ ಬಂದವಳನ್ನು ಹೋಗು ಎನ್ನಲಾಗಲಿಲ್ಲ, ಬಾ ಎನ್ನಲೂ ಇಲ್ಲ. ಎಲ್ಲರೂ ಊಟಕ್ಕೆ ಕೂತೆವು. ಮಗಳು ತಾಟಿಗೊಂದು ಹೋಳಿಗೆ ಬಡಿಸಿ ತಾನೂ ಕೂತಳು. ಅವ್ವ ರೂಢಿಯಂತೆ ತನ್ನದನ್ನೆತ್ತಿ ಮೊಮ್ಮಗಳ ತಾಟಿಗೆ ಹಾಕಿದಳು. ನಾನು ನನ್ನದನ್ನು ಮುಟ್ಟದೆ ಕೂತಿದ್ದೆ.

"ಯವ್ವಾ, ನೀ ಯಾಕ ಉಣವಲ್ಲಿ?" ಎಂದು ಮಗಳು ಕೇಳಿದಳು.

"ನಾನೂ ಮಲ್ಲಯ್ಯಗ ಬಿಟ್ಟೀನಿ" ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಲ್ಲಿ ಮೊದಲೇ ಕಾದು ಕೂತಿದ್ದಂತೆ ಬಂತು. ನನ್ನ ಹೋಳಿಗೆ ಎತ್ತಿ ಅವಳ ತಾಟಿಗೆ ಹಾಕಿದ್ದೂ ಆಯಿತು. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಗೆದ್ದೆನೆಂಬುದೇನೂ ಇರಲಿಲ್ಲ, ಹೆದರಿಕೆ ಇತ್ತು.

ಮಗಳು ಎದ್ದು ಎಡಗೈಯಿಂದ ಸೆರಗು ಸರಿಮಾಡಿಕೊಂಡು ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು.

ಕಾಲು ಹಿಂದಕ್ಕೆಳೆದುಕೊಂಡೆ. ಕೂಡು ಎಂದೆ. "ನನಗ ಸಕ್ರಿ ಐತಿ. ನಿಮ್ಮಜ್ಜಿಗೂ ಐತಿ. ದೇವರಿಗೆ ಯಾರೂ ಏನೂ ಬಿಟ್ಟಿಲ್ಲ. ನಾಳಿಗೆ ನಿನ್ನ ರಕ್ತ ತೋರಸಾಕ ಹೋಗೂನು, ಶಾಂತಿನಗರದವರಿಗೂ ನಾನ ಹೇಳತೀನಿ" ಎಂದೆ.

ಗಂಡ ಉಣ್ಣುವುದನ್ನು ನಿಲ್ಲಿಸಿದರು. ಮಗಳು ತನ್ನ ತಾಟಿನಲ್ಲಿದ್ದ ಮೂರು ಹೋಳಿಗೆ ನೋಡಿದಳು. ಆಮೇಲೆ ಅಜ್ಜಿಯನ್ನಲ್ಲ, ನನ್ನನ್ನು ನೋಡಿದಳು.

"ಎಷ್ಟ ದಿನಾ ಆತು ನಿನಗ ಗೊತ್ತಾಗಿ?" ಎಂದಳು.

ಆರು ತಿಂಗಳು ಎಂದೆ. ಅವಳು ತಾಟನ್ನು ನನ್ನ ಕಡೆಗೆ ಸರಿಸಿ ಎದ್ದು ಹೋದಳು.