ನಿಲಂಬಿತ ಕರಾ

ಉಮರ್ಗಾ ಬಸ್ ಸ್ಟ್ಯಾಂಡ್ ಎದುರು ಆನ್‌ಲೈನ್ ಫಾರ್ಮ್ ತುಂಬಿಕೊಡುವ ಅಂಗಡಿ ನನ್ನದು. ಓದಿದ್ದು ಎಂಟನೆಯ ತನಕ. ಲ್ಯಾಪ್‌ಟಾಪ್ ಹಳೆಯದು. ಪುಕ್ಕಟೆ ಸಿಗುತ್ತದೆ ಅಂತ ಅದಕ್ಕೆ ಲಿನಕ್ಸ್ ಹಾಕಿದ್ದೆ. ಇಲ್ಲಿ ಆಫೀಸಿನ ಕಾಗದವೆಲ್ಲ ಮರಾಠಿ, ಹಾಗಾಗಿ ಭಾಷೆಯೂ ಮರಾಠಿ ಇಟ್ಟಿದ್ದೆ. ಮಶೀನು ಮಲಗಿಸುವ ಬಟನ್ನಿನ ಮೇಲೆ ‘ನಿಲಂಬಿತ ಕರಾ’ ಅಂತ ಬರುತ್ತಿತ್ತು. ಕರಾ ಅಂದರೆ ಮಾಡಿ. ನಮ್ಮ ಕಡೆ ನಿಲಂಬಿತ ಅಂದರೆ ನೌಕರಿಯಿಂದ ಸಸ್ಪೆಂಡ್ ಆದವನು.

ನನ್ನ ಅಣ್ಣ ಹಾಗೆ ಸಸ್ಪೆಂಡ್ ಆಗಿದ್ದ. ನಿಲಂಗಾ ಕಡೆ, ಭೂಕಂಪದ ನಂತರ ಕಟ್ಟಿದ ಒಂದು ಶಾಲೆಯಲ್ಲಿ ಸಿಪಾಯಿ, ಅಂದರೆ ಜವಾನ. ಅತ್ತಿಗೆ ಉದಗೀರದ ದವಾಖಾನೆಯಲ್ಲಿದ್ದಾಗ ಎಂಟು ದಿನ ಕೆಲಸಕ್ಕೆ ಹೋಗಲಿಲ್ಲ. ಅದಕ್ಕೇ ಸಸ್ಪೆಂಡ್ ಮಾಡಿ ನೋಟಿಸು ಕೊಟ್ಟಿದ್ದರು. ಗಡುವಿನ ಕೊನೆಯ ದಿನ ಸಂಜೆಯೊಳಗೆ ನಿಲಂಗಾದ ಆಫೀಸಿನಲ್ಲಿ ಲಿಖಿತ ಉತ್ತರ ಕೊಡಬೇಕಿತ್ತು. ಇಲ್ಲದಿದ್ದರೆ ನೌಕರಿ ಹೋಗುತ್ತಿತ್ತು.

ಆ ದಿನ ಬೆಳಿಗ್ಗೆಯಿಂದ ಅವನು ಕನ್ನಡದಲ್ಲಿ ಹೇಳಿದ, ನಾನು ಮರಾಠಿಯಲ್ಲಿ ಟೈಪ್ ಮಾಡಿದೆ. ಮೂರು ಪುಟ ಆಯಿತು. ಮೊದಲ ನಾಲ್ಕು ಸಾಲು ಆದಾಗ ಒಮ್ಮೆ ಸೇವ್ ಮಾಡಿದ್ದೆ, ಆಮೇಲೆ ಮಾಡಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಪ್ರಿಂಟ್ ತೆಗೆಯುವ ತನಕ ಬ್ಯಾಟರಿ ಉಳಿಯಲಿ ಅಂತ ಆ ಬಟನ್ ಒತ್ತಿದೆ. ಅಣ್ಣ ಅದನ್ನು ಓದಿದ.

“ಇದಕ್ಕೂ ಸಸ್ಪೆಂಡ್ ಮಾಡ್ದೇನೋ? ಅರ್ಧಾ ಪಗಾರ ಕೊಡ್ತಿ ಏನ್ ಇದಕ್ಕ?”

“ಸುಮ್ಕಿರೋ ಅಣ್ಣಾ. ಚಾ ಕುಡ್ದು ಬರಮು ನಡಿ.”

ಚಹಾ ಕುಡಿದು ಬಂದೆವು. ಕರೆಂಟ್ ಬಂದಿತ್ತು. ಲ್ಯಾಪ್‌ಟಾಪ್ ಏಳಲಿಲ್ಲ. ಸ್ಕ್ರೀನ್ ಕಪ್ಪು, ಒಳಗೆ ಫ್ಯಾನಿನ ಸಪ್ಪಳ. ಮುಚ್ಚಳ ಮುಚ್ಚಿ ತೆಗೆದೆ. ಇದ್ದ ಕೀ ಎಲ್ಲ ಒತ್ತಿದೆ.

“ಏನಾತೋ?”

“ಏಳವಲ್ದು.”

“ಮುಖಕ್ಕ ನೀರ್ ಹೊಡಿ, ಏಳ್ತದ.”

ಇಬ್ಬರೂ ನಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಈ ಮಶೀನು ಹಗುರ ನಿದ್ದೆಯಿಂದ ಏಳುತ್ತದೆ, ಗಾಢ ನಿದ್ದೆಗೆ ಹೋದರೆ ಏಳುವುದಿಲ್ಲ. ಹಿಂದೆ ಮಶೀನು ತಾನೇ ಬರೆದಿಡುವ ಲಾಗ್ ತೆಗೆದು ನೋಡಿದ್ದೆ. ಮಲಗಿದ ಸಾಲು ಇರುತ್ತಿತ್ತು, ಎದ್ದ ಸಾಲು ಇರುತ್ತಿರಲಿಲ್ಲ. ಹಗುರ ನಿದ್ದೆಯ ಕಮಾಂಡ್ ಹೊಡೆದ ಮೇಲೆ ಸರಿಯಾಗಿತ್ತು. ಆದರೆ ಆ ಕಮಾಂಡ್ ಮಶೀನು ಬಂದ್ ಆಗುವ ತನಕ ಮಾತ್ರ. ಕಾಯಂ ಆಗಬೇಕಾದರೆ ಮಶೀನು ಶುರುವಾಗುವಾಗ ಓದುವ ಬೂಟ್ ಫೈಲಿನಲ್ಲಿ ಬರೆಯಬೇಕು. ನಾಳೆ ಬರೆದರಾಯಿತು ಅಂತ ಬಿಟ್ಟಿದ್ದೆ. ಹಿಂದಿನ ದಿನ ಅಪ್‌ಡೇಟ್ ಹಾಕಿ ರಿಸ್ಟಾರ್ಟ್ ಮಾಡಿದ್ದೆ, ಆಗ ಆ ಕಮಾಂಡ್ ಹೋಗಿತ್ತು.

ಪವರ್ ಬಟನ್ ಒತ್ತಿ ಹಿಡಿದೆ. ಮಶೀನು ಮತ್ತೆ ಶುರುವಾದಾಗ ಮೂರು ಪುಟದಲ್ಲಿ ನಾಲ್ಕು ಸಾಲು ಉಳಿದಿದ್ದವು. ಕಾಸಾರಶಿರಸಿ ಮೇಲೆ ಹಾಯ್ದು ನಿಲಂಗಾಕ್ಕೆ ಹೋಗುವ ಬಸ್ಸಿಗೆ ಹತ್ತು ನಿಮಿಷ ಇತ್ತು. ಅದು ತಪ್ಪಿದರೆ ಸಂಜೆಯೊಳಗೆ ಮುಟ್ಟುವ ಬಸ್ ಇರಲಿಲ್ಲ.

“ಹೆಂಡ್ತಿ ದವಾಖಾನ್ಯಾಗ ಇದ್ಲು, ಬರ್ಲಿಕ್ಕ ಆಗಿಲ್ಲ. ಇಷ್ಟ್ ಬರಿ, ಸಾಕು,” ಅಂದ ಅಣ್ಣ.

ಬರೆದು ಪ್ರಿಂಟ್ ಕೊಟ್ಟೆ. ಸಹಿ ಮಾಡಿ ಓಡಿದ.

ಹೆಡ್‌ಮಾಸ್ತರರಿಗೆ ಬಾಯಿಂದ ಹೇಳಿಯೇ ಅವನು ರಜೆ ಮಾಡಿದ್ದ. ಆಗ ಇಬ್ಬರು ಮಾಸ್ತರರು ಎದುರಿಗಿದ್ದರು. ಅವರ ಹೆಸರು ಅಳಿಸಿಹೋದ ಎರಡನೇ ಪುಟದಲ್ಲಿತ್ತು.

ಸಾಕ್ಷಿ ಇದ್ದರೆ ಉತ್ತರದಲ್ಲಿ ಯಾಕೆ ಬರೆಯಲಿಲ್ಲ ಅಂತ ಆಮೇಲೆ ನಡೆದ ಚೌಕಶಿಯಲ್ಲಿ, ಅಂದರೆ ವಿಚಾರಣೆಯಲ್ಲಿ, ಸಾಹೇಬರು ಕೇಳಿದರಂತೆ. ಅಣ್ಣ ಇದ್ದದ್ದು ಹೇಳಿದ.

“ಲ್ಯಾಪ್‌ಟಾಪ್ ಝೋಪಲಾ ಹೋತಾ, ಸಾಹೇಬ. ಉಠಲಾ ನಾಹಿ.”

ಮಲಗಿತ್ತು, ಏಳಲಿಲ್ಲ ಅಂತ. ಆಫೀಸೆಲ್ಲ ನಕ್ಕಿತಂತೆ. ತಿಂಗಳೊಳಗೆ ನೌಕರಿ ಹೋಯಿತು.

ಊಟಕ್ಕೆ ಕೂತಾಗ ಅತ್ತಿಗೆ ಕೇಳಿದಳು, ಆ ಮಾಸ್ತರರ ಹೆಸರು ಯಾಕೆ ಬರೆಯಲಿಲ್ಲ ಅಂತ.

“ಟೈಮ್ ಸಾಲ್ಲಿಲ್ಲ,” ಅಂದ ಅಣ್ಣ.

ನಾನು ಪಕ್ಕದಲ್ಲೇ ಇದ್ದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.